ಅಪ್‌ಡೇಟ್: ಮಲೆನಾಡಿನ ಮಳೆಯಲ್ಲಿ ಅಗಲಿಕೆಯ ಕಪ್ಪು-ಬಿಳುಪು ಚಿತ್ರಗಳು

ಆಗುಂಬೆಯ ಮಂಜು, ತೀರ್ಥಹಳ್ಳಿ ಕಡೆಯ ಹಳೇ ಮನೆಯ ಜಗುಲಿ, ಎರಡೂ ನನ್ನ ಫೋಟೋಗಳಲ್ಲಿ ಬರೀ ಬೂದಿಬಣ್ಣವಾಗಿ ಬರ್ತಿವೆ, ಪ್ರೀತಿ ಕಳೆದುಕೊಂಡವರ ನೋವು ಕಾಣ್ತಿಲ್ಲ ಅಂತ ಇಲ್ಲಿ ಹಿಂದೆ ಕೇಳಿದ್ದೆ. ನೀವು ಹೇಳಿದ್ದು ಕೆಲಸ ಮಾಡಿದೆ.

ಮಂಜಿಗೆ ಎಕ್ಸ್‌ಪೋಷರ್ +1 ಸ್ಟಾಪ್, ಅಂದರೆ ಎರಡರಷ್ಟು ಬೆಳಕು. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುಬೂದಿಗೆ ಎಳೆಯುವುದರಿಂದಲೇ ಬಿಳಿ ಮಂಜು ಕೊಳಕಾಗಿ ಕಾಣೋದು. ಜಗುಲಿಯೊಳಗೆ ತದ್ವಿರುದ್ಧ. ಅಲ್ಲಿ ಜೋಡಿ ಕುರ್ಚಿಗಳಲ್ಲಿ ಖಾಲಿ ಇರುವುದರ ಮರದ ತೋಳಿಗೆ ಸ್ಪಾಟ್ ಮೀಟರಿಂಗ್ (ಆ ಒಂದು ಚುಕ್ಕೆಯ ಬೆಳಕನ್ನಷ್ಟೇ ಅಳೆಯುವುದು) ಮಾಡಿದರೆ ಸುತ್ತಲಿನ ಕತ್ತಲು ಕತ್ತಲಾಗಿಯೇ ಉಳಿಯುತ್ತದೆ. ಬೆಳಕು ಪಕ್ಕದ ಕಿಟಕಿಯಿಂದ ಬರಲಿ. ಆಗ ಮರದ ಮೇಲೆ ಅಂಗೈ ಸವೆಸಿದ ನುಣುಪು ಜಾಗ ಹೊಳೆಯುತ್ತದೆ, ಉಳಿದದ್ದು ಹಿಂದೆ ಸರಿಯುತ್ತದೆ. ಅಳುವ ಮುಖಕ್ಕಿಂತ ಈ ಸವೆತವೇ ಹೆಚ್ಚು ಹೇಳುತ್ತದೆ ಅನ್ನೋದು ನನ್ನ ಖಚಿತ ಅಭಿಪ್ರಾಯ. ಕ್ರಾಪ್ ಮಾಡುವಾಗ ಆ ಖಾಲಿ ಕುರ್ಚಿಯ ಸುತ್ತಲಿನ ಜಾಗ ಕತ್ತರಿಸಬೇಡಿ.

ಹಿನ್ನೆಲೆಯ ಅಡಿಕೆ ತೋಟ ಕಣ್ಣಿಗೆ ಹೊಡೆಯುತ್ತಿದ್ದರೆ ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲು) ಕಪ್ಪು-ಬಿಳುಪಿಗೆ ತಿರುಗಿಸುವಾಗ ಆಯಾ ಬಣ್ಣ ಎಷ್ಟು ಕಪ್ಪಾಗಬೇಕೆಂದು ತಿದ್ದುವ ಹಳದಿ, ಹಸಿರು ಸ್ಲೈಡರ್ -30ರ ಆಸುಪಾಸಿಗೆ ಇಳಿಸಿ. ಎಲೆಗಳಿಗೆ ಹಳದಿಯೇ ಹೆಚ್ಚು ತಾಗುತ್ತದೆ. ಇನ್ನೂ ಎಳೆದರೆ ಅಂಚಿನಲ್ಲಿ ಬಿಳಿ ಗೆರೆ ಏಳುತ್ತದೆ. ವಿನ್ಯೆಟ್ (ಚಿತ್ರದ ಅಂಚುಗಳನ್ನು ಕಪ್ಪಾಗಿಸುವುದು) ತೆಗೆದುಹಾಕಿದ್ದೇನೆ, ಅದು ದುಃಖವನ್ನು ಸಾರಿ ಹೇಳಿದಂತಿರುತ್ತದೆ.

ಏಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಸುಕಾಗುವುದಕ್ಕೆ, ಬ್ಯಾಗಿನ ಜಿಪ್ ಹಾಕಿಯೇ ಅರ್ಧ ಗಂಟೆ ಹೊರಗಿಡುವುದೇ ಮದ್ದು. ಪ್ರಿಂಟಿಗೆ ಹೊಳಪಿಲ್ಲದ ಮ್ಯಾಟ್ ಕಾಗದ ಆರಿಸಿದ್ದೇನೆ. ಅದರಲ್ಲಿ ಕಪ್ಪು ಅಷ್ಟು ಗಾಢ ಬರುವುದಿಲ್ಲ, ನೆರಳಿನ ವಿವರ ಮುಚ್ಚಿಹೋಗುತ್ತದೆ. ಅದಕ್ಕೇ ಮೊದಲು ಸಣ್ಣ ಟೆಸ್ಟ್ ಪ್ರಿಂಟ್ ನೋಡಿ, ಫೈಲಿನಲ್ಲಿ ಶ್ಯಾಡೋಸ್ (ನೆರಳಿನ ಭಾಗ) ತುಸು ಬೆಳಗಿಸಿ ಪ್ರಿಂಟಿಗೆ ಕಳಿಸುತ್ತೇನೆ.