ಅಪ್‌ಡೇಟ್: ಪೈಲಟ್ ಇಂಟರ್‌ವ್ಯೂ ಮುಗಿಸಿ ಕಲಬುರಗಿಗೆ ಬಂದೆ

ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಇದೆ, 200 ಗಂಟೆ ಹಾರಾಟ ಆಗಿದೆ, ಏರ್‌ಲೈನ್ ಇಂಟರ್‌ವ್ಯೂಗೆ ಏನು ಓದಲಿ ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ಅದು ಮುಗಿಯಿತು. ಎಚ್‌ಆರ್ ಪ್ರಶ್ನೆಗಳು ಸುಲಭ. ಬೆವರಿದ್ದು ಟೆಕ್ನಿಕಲ್‌ನಲ್ಲಿ.

30,000 ಅಡಿಯಿಂದ ಇಳಿಯಲು ಎಷ್ಟು ದೂರದಲ್ಲಿ ಶುರು ಮಾಡುತ್ತೀರಿ ಅಂದರು. ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಲೆಕ್ಕ, ಮೂವತ್ತು ಮೂರಲೆ ತೊಂಬತ್ತು, ಸುಮಾರು 90 ನಾಟಿಕಲ್ ಮೈಲಿ ಅಂದೆ. ಬಾಯಿಲೆಕ್ಕ ಮಾಡಿ ಅಂದವರಿಗೆ ಥ್ಯಾಂಕ್ಸ್!

ಮುಂದಿನದು, ಕಲಬುರಗಿಯ ಮೇ ಬಿಸಿಲಲ್ಲಿ ಟೇಕಾಫ್‌ಗೆ ರನ್‌ವೇ ಜಾಸ್ತಿ ಯಾಕೆ ಬೇಕು? ಬಿಸಿಗೆ ಗಾಳಿ ತೆಳುವಾಗಿ ರೆಕ್ಕೆಗೆ ಬಲ ಸಿಗಲ್ಲ ಅಂದು ಸುಮ್ಮನಾದೆ. ಎಂಜಿನ್ ಶಕ್ತಿಯೂ ಕುಗ್ಗುತ್ತದೆ ಅನ್ನುವುದು ಮೆಟ್ಟಿಲು ಇಳಿಯುವಾಗ ನೆನಪಾಯಿತು. ನಮ್ಮೂರ ಬಿಸಿಲೇ ಕೈಕೊಟ್ಟಿತು ನೋಡಿ.

ಆದರೂ ಸಿಮ್ಯುಲೇಟರ್ ಟೆಸ್ಟ್‌ಗೆ ಕರೆದಿದ್ದಾರೆ. ಅವ್ವ ಆಗಲೇ ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟುತ್ತಿದ್ದಾಳೆ.