ಸಹಾಯ ಬೇಕು: ಸರ್ಕಾರಿ ಡೊಮೇನ್‌ನ ಇಮೇಲ್ ಸ್ಪ್ಯಾಮ್‌ಗೆ ಹೋಗುತ್ತಿದೆ

ಮಾನ್ಯ ಸದಸ್ಯರೇ,

ಮಂಡ್ಯದ ಸರ್ಕಾರಿ ಕಚೇರಿಯೊಂದರಲ್ಲಿ ಕಂಪ್ಯೂಟರ್ ವಿಭಾಗದ ಹೊಣೆ ನನ್ನದು. ನಮ್ಮ ಡೊಮೇನ್ ವಿಳಾಸದಿಂದ ಅರ್ಜಿದಾರರಿಗೆ ಹೋಗುವ ಸ್ವೀಕೃತಿ ಪತ್ರಗಳು ಜಿಮೇಲ್‌ನ ಸ್ಪ್ಯಾಮ್ ಪೆಟ್ಟಿಗೆ ಸೇರುತ್ತಿದ್ದು, ಪತ್ರ ಬಂದಿಲ್ಲವೆಂದು ಜನ ಮತ್ತೆ ಕಚೇರಿಗೆ ಅಲೆಯುವಂತಾಗಿದೆ.

ನಾನು ಪರಿಶೀಲಿಸಿದ ಮಟ್ಟಿಗೆ ಎಸ್‌ಪಿಎಫ್ ದಾಖಲೆಯಲ್ಲಿ (ಡೊಮೇನ್ ಹೆಸರಿನಲ್ಲಿ ಪತ್ರ ಕಳುಹಿಸಲು ಅನುಮತಿಯಿರುವ ಸರ್ವರ್‌ಗಳ ಪಟ್ಟಿ) ಡಿಎನ್‌ಎಸ್ (ಡೊಮೇನ್‌ಗಳ ಸಾರ್ವಜನಿಕ ದಾಖಲೆ ವ್ಯವಸ್ಥೆ) ಹುಡುಕಾಟಗಳು 10ರ ಮಿತಿಯನ್ನು ದಾಟಿಲ್ಲ. ಆದರೆ ಪತ್ರಗಳನ್ನು ಕಳುಹಿಸುವ ಹೊರಗುತ್ತಿಗೆ ಸಂಸ್ಥೆ ರಿಟರ್ನ್-ಪಾತ್‌ನಲ್ಲಿ (ತಲುಪದ ಪತ್ರ ಹಿಂತಿರುಗುವ ವಿಳಾಸ) ತನ್ನದೇ ಡೊಮೇನ್ ಇಟ್ಟಿರುವುದರಿಂದ, ಎಸ್‌ಪಿಎಫ್ ಉತ್ತೀರ್ಣವಾದರೂ ಪತ್ರ ಪಡೆದವರಿಗೆ ಕಾಣುವ ಫ್ರಮ್ ವಿಳಾಸದೊಂದಿಗೆ ಹೊಂದಾಣಿಕೆಯಾಗದೆ ಡಿಮಾರ್ಕ್ (ಈ ಹೊಂದಾಣಿಕೆ ನೋಡುವ ಮತ್ತು ವಿಫಲವಾದ ಪತ್ರವನ್ನು ಏನು ಮಾಡಬೇಕೆಂದು ಹೇಳುವ ವ್ಯವಸ್ಥೆ) ವಿಫಲವಾಗುತ್ತಿದೆ. ನಮ್ಮ ಹೆಸರಿನ ಡಿಕಿಮ್ ಸಹಿಯೂ (ಪತ್ರ ಆ ಡೊಮೇನ್‌ನದೇ ಎಂದು ತೋರಿಸುವ ಡಿಜಿಟಲ್ ಸಹಿ) ಇಲ್ಲ. ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ 2024ರ ಫೆಬ್ರವರಿಯಿಂದ ಗೂಗಲ್ ಈ ಮೂರನ್ನೂ ಕಡ್ಡಾಯಗೊಳಿಸಿದೆ. ನಮ್ಮ ಸಂಖ್ಯೆ ಅಷ್ಟಿಲ್ಲದಿದ್ದರೂ, ಸರ್ಕಾರದ ಹೆಸರಿನಲ್ಲಿ ನಕಲಿ ಪತ್ರ ಹೊರಡುವ ಈ ಕಾಲದಲ್ಲಿ ಸಡಿಲವಾಗಿರುವುದು ತರವಲ್ಲ ಎಂಬುದು ನನ್ನ ಅಭಿಪ್ರಾಯ.

ಆ ಸಂಸ್ಥೆಯಿಂದ 2048 ಬಿಟ್‌ನ ಡಿಕಿಮ್ ಕೀಲಿ ಪಡೆದು ನಮ್ಮ ಡಿಎನ್‌ಎಸ್‌ನಲ್ಲಿ ಪ್ರಕಟಿಸಿದರೆ ಸಾಕೇ, ಅಥವಾ ರಿಟರ್ನ್-ಪಾತ್‌ಗೆ ನಮ್ಮ ಉಪಡೊಮೇನನ್ನೂ ಕೊಡಬೇಕೇ? ಈಗ 'ನನ್' (ಯಾವ ಕ್ರಮವೂ ಬೇಡ) ಇರುವ ಡಿಮಾರ್ಕ್ ನೀತಿಯನ್ನು 'ಕ್ವಾರಂಟೈನ್'ಗೆ (ಅನುಮಾನಾಸ್ಪದವೆಂದು ಸ್ಪ್ಯಾಮ್‌ಗೆ ಹಾಕು) ಏರಿಸುವ ಮುನ್ನ ಎಷ್ಟು ವಾರಗಳ ವರದಿ ನೋಡಿದಿರಿ? ಅನುಭವವುಳ್ಳವರು, ವಿಶೇಷವಾಗಿ ಸರ್ಕಾರಿ ಡೊಮೇನ್ ನಿರ್ವಹಿಸಿದವರು, ದಯವಿಟ್ಟು ತಿಳಿಸಿ.