ಬಾಗಿಲ ಮೇಲೆ 1742 ಅಂತಿದೆ, ಈ ಮನೆ ಹಿಂದೆ ಯಾರ್ಯಾರದಿತ್ತು ಅಂತ ಹುಡುಕೋದು ಹೇಗೆ?

ಕಲ್ಲುಮನೆ
ಸ್ಕಾಟ್ಲೆಂಡಿನ ಫೈಫ್‌ನಲ್ಲಿ ಹಳೇ ಕಲ್ಲಿನ ಮನೆ ತಗೊಂಡು ಎಂಟು ತಿಂಗಳಾಯ್ತು. ಮುಂಬಾಗಿಲ ಮೇಲಿನ ಕಲ್ಲಲ್ಲಿ 1742, ಆಚೆ ಜೆ.ಬಿ., ಈಚೆ ಎಂ.ಕೆ. ಅಂತ ಕೆತ್ತಿದಾರೆ. ಲ್ಯಾಂಡ್ ರಿಜಿಸ್ಟರ್‌ನಿಂದ ದುಡ್ಡು ಕಟ್ಟಿ ಟೈಟಲ್ ಶೀಟ್ (ಮನೆ ಯಾರದು ಅನ್ನೋ ದಾಖಲೆ) ತರಿಸಿದ್ರೆ ಅದ್ರಲ್ಲಿ ನಮ್ಮ ಹೆಸರೇ ಇದೆ, ಅದು ನಂಗೂ ಗೊತ್ತಲ್ವಾ! ನಮಗೆ ಮಾರಿದವ್ರು 1988ರಲ್ಲಿ ಕೊಂಡಿದ್ರಂತೆ, ಅದಕ್ಕಿಂತ ಹಿಂದಕ್ಕೆ ಹೋಗೋದು ಹೇಗೆ?

ದಫ್ತರದ ಹುಳ
ಲ್ಯಾಂಡ್ ರಿಜಿಸ್ಟರ್ ಶುರುವಾಗಿದ್ದೇ 1981ರಲ್ಲಿ, ಅದೂ ರೆನ್‌ಫ್ರೂ ಕೌಂಟಿಲಿ ಮಾತ್ರ, ದೇಶಪೂರ್ತಿ ಹರಡೋಕೆ 2003 ಆಯ್ತು. ನಿಮಗೆ ಬೇಕಾಗಿರೋದು ಸೇಸಿನ್ ರಿಜಿಸ್ಟರ್, ಅಂದ್ರೆ ಜಮೀನು ಮನೆ ಕೈಬದಲಾದ ಪತ್ರಗಳನ್ನ ದಾಖಲಿಸೋ ಹಳೇ ರಿಜಿಸ್ಟರ್, 1617ರಿಂದ ಇದೆ, ಹಳೇ ಸಂಪುಟಗಳೆಲ್ಲ ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸಲ್ಲಿ. ಆದ್ರೆ ಮನೆ ನಂಬರ್ ಹಾಕಿ ಹುಡುಕೋ ಹಾಗಿಲ್ಲ, ಹೆಚ್ಚಾಗಿ ಮನುಷ್ಯರ ಹೆಸರು ಹಿಡ್ಕೊಂಡು ಹೋಗ್ಬೇಕು. 1988ರಲ್ಲಿ ಮಾರಿದ್ಯಾರು, ಅವ್ರಿಗೆ ಮಾರಿದ್ಯಾರು, ಹೀಗೆ ಒಂದೊಂದೇ ಮೆಟ್ಟಿಲು ಇಳೀತಾ ಹೋಗಿ. 1781ರಿಂದೀಚೆಗೆ ಸಾರಾಂಶದ ಪುಸ್ತಕಗಳಿವೆ, ಇಲ್ಲಾಂದ್ರೆ ಆ ಕೈಬರಹ ಓದಿ ಕಣ್ಣು ಹೋಗುತ್ತೆ. ಮನೆ ಹಳೇ ರಾಯಲ್ ಬರೋ (ರಾಜನ ಸನ್ನದು ಪಡೆದ ಪಟ್ಟಣ) ಒಳಗಿದ್ರೆ 1681ರಿಂದ ಅದಕ್ಕೆ ಬೇರೆ ರಿಜಿಸ್ಟರೇ ಇದೆ, ಅದನ್ನೂ ನೋಡಿ.

ಸಂಜೆಮಲ್ಲಿಗೆ
ಮಧ್ಯದಲ್ಲಿ ಕೊಂಡಿ ತಪ್ಪಿದ್ರೆ ವ್ಯಾಲ್ಯುಯೇಷನ್ ರೋಲ್ (ತೆರಿಗೆಗೆ ಅಂತ ಮಾಡ್ತಿದ್ದ ಮನೆ ಜಮೀನುಗಳ ಪಟ್ಟಿ) ನೋಡಿ, 1855ರಿಂದ ವರ್ಷವರ್ಷದ್ದೂ ಇದೆ, ಓನರ್ ಯಾರು, ಬಾಡಿಗೆಗೆ ಯಾರಿದ್ರು, ಬಾಡಿಗೆ ಎಷ್ಟು ಎಲ್ಲಾ ಬರೆದಿರ್ತಾರೆ, ಕೆಲವು ವರ್ಷದ್ದು ಸ್ಕಾಟ್ಲೆಂಡ್ಸ್‌ಪೀಪಲ್ ಸೈಟಲ್ಲೇ ಸಿಗುತ್ತೆ. ವರ್ಷಕ್ಕೆ 4 ಪೌಂಡಿಗಿಂತ ಕಮ್ಮಿ ಬಾಡಿಗೆ ಇದ್ರೆ ಬಾಡಿಗೆದಾರನ ಹೆಸರು ಬಿಟ್ಟಿರಬಹುದು. ಸೆನ್ಸಸ್ ನೋಡಿ ಮೋಸ ಹೋಗ್ಬೇಡಿ, ಅದ್ರಲ್ಲಿರೋದು ಆ ರಾತ್ರಿ ಅಲ್ಲಿ ಮಲಗಿದ್ದವ್ರ ಹೆಸರು, ಮನೆ ಅವರದೇ ಅಂತೇನಿಲ್ಲ. ಇನ್ನೊಂದು, 1868ರ ತನಕ ಅಲ್ಲಿ ಜಮೀನು ಮನೇನ ವಿಲ್‌ನಲ್ಲಿ ಬರೆದುಕೊಡೋ ಹಾಗಿರ್ಲಿಲ್ಲ, ಹಾಗಾಗಿ ವಿಲ್ ಹುಡುಕಿ ಟೈಮ್ ಕಳೀಬೇಡಿ, ವಾರಸುದಾರರ ದಾಖಲೆ ಬೇರೆ ಇದೆ, ಸರ್ವಿಸಸ್ ಆಫ್ ಏರ್ಸ್ ಅಂತ.

ದಫ್ತರದ ಹುಳ
ಆ ಕಲ್ಲಿನ ವಿಷ್ಯ ಮರ್ತಿದ್ದೆ. ಅದು ಮದುವೆ ಕಲ್ಲು, ಗಂಡ ಹೆಂಡ್ತಿ ಇನಿಶಿಯಲ್. 1742 ಅವ್ರ ಮದುವೆ ವರ್ಷ ಇರ್ಬಹುದು, ಮನೆ ಅದಕ್ಕಿಂತ ಹಳೇದೂ ಆಗಿರ್ಬಹುದು, ಕಲ್ಲನ್ನೇ ಬೇರೆ ಕಡೆಯಿಂದ ತಂದು ಕೂರಿಸಿರ್ಲೂಬಹುದು. ಸ್ಕಾಟ್ಲೆಂಡ್ ದಾಖಲೆಗಳಲ್ಲಿ ಮದುವೆ ಆದ ಹೆಂಗಸರಿಗೂ ತವರಿನ ಸರ್‌ನೇಮ್ ಉಳೀತಿತ್ತು, ಸೋ ಆ ಕೆ. ಅವ್ಳ ಅಪ್ಪನ ಮನೇದು. ಚರ್ಚಿನ ಹಳೇ ಮದುವೆ ರಿಜಿಸ್ಟರ್ ನೋಡಿ.

ಕಲ್ಲುಮನೆ
ಅಪ್ಡೇಟ್: 1865ರ ರೋಲಲ್ಲಿ ಮನೆ ಸಿಕ್ತು! ಬಾಡಿಗೆಗೆ ಇದ್ದವನು ನೇಕಾರ, ಓನರ್ ಸರ್‌ನೇಮ್ ಬಿ.ಯಿಂದಾನೇ ಶುರು, ಅದೇ ವಂಶಾನೋ ಏನೋ ಗೊತ್ತಿಲ್ಲ. ಎಂ.ಕೆ. ಇನ್ನೂ ಸಿಕ್ಕಿಲ್ಲ, ನಮ್ಮನೆಯವ್ಳು ಮಾತ್ರ ಆಗ್ಲೇ ಮಾರ್ಗರೆಟ್ ಅಂತ ಹೆಸರಿಟ್ಬಿಟ್ಟಿದಾಳೆ.